ಅವಘಡ ಆಗಿದ್ದು ಯಾರಿಗೆ?

ಕಳೆದ ಮಾರ್ಚ್‌ನಲ್ಲಿ ಹಾವೇರಿಯಿಂದ ಅಪ್ಪ ಫೋನ್ ಮಾಡಿದ್ದರು. ಮೊಮ್ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿದಾಗ, ‘ಗಣಿತದ್ದು ಭಾಳ ಅವಘಡ ಆತಪ್ಪಾ’ ಅಂದೆ. ಅವರು ಗಾಬರಿಬಿದ್ದರು. ‘ಅವಘಡ? ಯಾರಿಗೇನಾತವಾ? ಕೂಸು ಹೆಂಗೈತಿ?’

ಮರಾಠಿಯಲ್ಲಿ ‘ಅವಘಡ್’ ಅಂದರೆ ಕಷ್ಟ. ಪೇಪರ್ ಕಷ್ಟ ಇತ್ತು ಅನ್ನಲು ಹೋಗಿ ಅಪ್ಪನ ಎದೆ ಒಡೆಸಿದ್ದೆ. ಆಗ ಇಬ್ಬರೂ ನಕ್ಕೆವು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಮರಾಠಿ ಹುಡುಗನನ್ನು ಮದುವೆಯಾಗಿ ಪುಣೆಗೆ ಬಂದು 14 ವರ್ಷ. ಅತ್ತೆ ಬೇಸರಿಸದೆ ಭಾಷೆ ಕಲಿಸಿದರು. ತರಕಾರಿ ಚೌಕಾಸಿಯಿಂದ ಸೊಸೈಟಿ ಸಭೆಯ ಜಗಳದವರೆಗೆ ಎಲ್ಲವನ್ನೂ ಮರಾಠಿಯಲ್ಲೇ ನಿಭಾಯಿಸುತ್ತೇನೆ. ‘ನೀವು ಕರ್ನಾಟಕದವರು ಅಂತ ಗೊತ್ತೇ ಆಗಲ್ಲ’ ಎಂದು ಜನ ಹೇಳಿದಾಗ ಹಿಗ್ಗುತ್ತಿದ್ದೆ. ಈಗ ಅದೇ ಮಾತು ಚುಚ್ಚುತ್ತದೆ.

ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಮರಾಠಿ. ಕನ್ನಡಕ್ಕೆ ಉಳಿದಿದ್ದು ಸಂಜೆ ಅವ್ವನ ಜೊತೆಗಿನ ಅರ್ಧ ತಾಸಿನ ಫೋನ್. ಐದು ವರ್ಷದ ಹಿಂದೆ ಅವ್ವ ಹೋದಳು, ಆ ಅರ್ಧ ತಾಸೂ ಹೋಯಿತು. ಅಪ್ಪ ಮೊದಲಿಂದಲೂ ಮಿತಭಾಷಿ. ಮಳೆ, ಮಾತ್ರೆ, ‘ಇಡ್ಲೇನು?’ ಅಷ್ಟೇ. ಎರಡು ಭಾಷೆಗಳೂ ನೆರೆಹೊರೆಯವು, ಮರಾಠಿಯ ‘ತೂಪ್’ ನಮ್ಮ ತುಪ್ಪವೇ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತಿದ್ದು ತಿಳಿಯಲೇ ಇಲ್ಲ. ಒಗ್ಗರಣೆ ‘ಫೋಡಣಿ’ ಆಯಿತು. ಪಾತ್ರೆ ‘ಗಲಬರಿಸು’ ಎಂಬ ಪದ ನೆನಪಾಗಲು ಮೊನ್ನೆ ಎರಡು ದಿನ ಹಿಡಿಯಿತು.

ಇದಕ್ಕೆ ಮರಾಠಿಯನ್ನು ದೂರಲಾರೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದ ವರಕವಿಯಾದರು, 1973ರಲ್ಲಿ ‘ನಾಕುತಂತಿ’ಗೆ ಜ್ಞಾನಪೀಠ ಪಡೆದರು, ಮರಾಠಿಯಲ್ಲೂ ಬರೆದರು. ಒಂದು ಭಾಷೆ ಕಲಿತರೆ ಇನ್ನೊಂದು ಸಾಯುವುದಿಲ್ಲ. ಅದು ಸಾಯುವುದು ಮನೆಯಲ್ಲಿ ಯಾರಿಗೂ ಬೇಡವಾದಾಗ. ನನ್ನ ಮನೆಯಲ್ಲಿ ಕನ್ನಡ ಯಾರಿಗೂ ಬೇಕಾಗದಂತೆ ನೋಡಿಕೊಂಡವಳು ನಾನೇ. ‘ಕನ್ನಡ ಬೇಡ’ ಎಂದು ಯಾರೂ ಹೇಳಿರಲಿಲ್ಲ.

ಇದರಲ್ಲಿ ಪದ್ಧತಿಯ ಪಾಲೂ ಇದೆ. ಸೊಸೆ ಗಂಡನ ಮನೆಯ ಭಾಷೆ ಕಲಿತರೆ ಅದು ಕರ್ತವ್ಯ, ಅಳಿಯ ಎರಡು ಪದ ಕಲಿತರೆ ಅದು ಸಾಧನೆ. ನನ್ನ ಗಂಡನಿಗೆ ಬರುತ್ತಿದ್ದುದು ‘ಊಟ ಆತೇನ್ರಿ’ ಮತ್ತು ‘ಸಾಕು ಸಾಕು’. ಅಷ್ಟಕ್ಕೇ ನಮ್ಮೂರಲ್ಲಿ ಅವರ ಗುಣಗಾನ. ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ.

ಜನಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. 2011ರಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಮಂದಿ ಕನ್ನಡ ಎಂದು ಬರೆಸಿದ್ದರು. 2027ರ ಗಣತಿಯಲ್ಲಿ ನನ್ನ ಮಗಳ ಹೆಸರಿನ ಮುಂದೆ ಏನು ಬರೆಸಲಿ? ಕನ್ನಡ ಎಂದರೆ ಸುಳ್ಳಾಗುತ್ತದೆ. ಅವಳ ತಾಯಿ ಕನ್ನಡದವಳು, ಆದರೆ ಅವಳಿಗೆ ಲಾಲಿ ಹಾಡಿದ್ದೂ ಬೈದದ್ದೂ ಮರಾಠಿಯಲ್ಲಿ. ಅವಳ ಜೊತೆ ಮಾತಾಡಲು ಅಪ್ಪ ಈ ವಯಸ್ಸಿನಲ್ಲಿ ಹಿಂದಿ ಹುಡುಕುತ್ತಾರೆ.

ಹೊರನಾಡಿನಲ್ಲಿ ಸಂಸಾರ ಹೂಡಿರುವವರಿಗೆ ನಾನು ಹೇಳುವುದಿಷ್ಟೇ. ಸಂಗಾತಿಯ ಭಾಷೆಯನ್ನು ಮನಸಾರೆ ಕಲಿಯಿರಿ. ಆದರೆ ನಿಮ್ಮದನ್ನೂ ಕಲಿಯಲು ಮೊದಲ ವರ್ಷವೇ ಕೇಳಿ. ಅದು ಹಟವೂ ಅಲ್ಲ, ಭಾಷಾಭಿಮಾನದ ಪ್ರದರ್ಶನವೂ ಅಲ್ಲ. ರಾಜ್ಯೋತ್ಸವದ ದಿನ ಬಾವುಟ ಹಾರಿಸಿದರೆ ಭಾಷೆ ಉಳಿಯುವುದಿಲ್ಲ, ‘ಉಪ್ಪು ಕೊಡು’ ಎಂದು ದಿನಾ ಕೇಳಿದರೆ ಉಳಿಯುತ್ತದೆ.

ನಾನು ಕೇಳಿದ್ದು 14 ವರ್ಷ ತಡವಾಗಿ. ಗಂಡ ತಕ್ಷಣ ಒಪ್ಪಿದರು, ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ರಾತ್ರಿ ಊಟದ ಹೊತ್ತು ಕನ್ನಡಕ್ಕೆ ಮೀಸಲು. ತಪ್ಪುಗಳಿಗೆ ಲೆಕ್ಕವಿಲ್ಲ, ಅದರಲ್ಲಿ ನನ್ನವೂ ಇವೆ. ಹೋದ ಭಾನುವಾರ ಮಗಳು ಫೋನಿನಲ್ಲಿ, ‘ಅಜ್ಜಾ, ವಿಜ್ಞಾನ ಭಾಳ ಕಷ್ಟ ಐತಿ’ ಅಂದಳು. ‘ಇಡ್ಲೇನು?’ ಅನ್ನುವ ಅಪ್ಪ ಅಂದು ಅರ್ಧ ತಾಸು ಫೋನ್ ಇಡಲಿಲ್ಲ.