ಕಣ್ಣು ನೋಡ್ತಾರೆ, ಕಿಸೆ ನೋಡಲ್ಲ

ಶಹಾಪುರ, ಸುರಪುರದ ಕಡೆ ಸುಗ್ಗಿ ಬಂತೆಂದರೆ ಭತ್ತ, ಹತ್ತಿ ಹೇರಿಕೊಂಡ ಲಾರಿಗಳು ರಾತ್ರಿಯೆಲ್ಲಾ ಓಡುತ್ತವೆ. ಡ್ರೈವರುಗಳ ಕಿಸೆಯಲ್ಲಿ ಎಷ್ಟೋ ಸಲ ಬೀಡಿ ಕಟ್ಟಿನ ಜೊತೆ ಗುಳಿಗೆಗಳೂ ಇರುತ್ತವೆ. ನೆಗಡಿಗೊಂದು, ಸೊಂಟನೋವಿಗೊಂದು, ಶುಗರ್‌ಗೊಂದು. ಕುಡಿದು ಗಾಡಿ ಓಡಿಸಬಾರದು ಅಂತ ಎಲ್ಲರಿಗೂ ಗೊತ್ತು. ಗುಳಿಗೆ ನುಂಗಿ ಓಡಿಸಬಹುದಾ?

ಕಾನೂನು ಏನನ್ನುತ್ತೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೆಂಡಕ್ಕೆ ಮಾತ್ರ ಅಲ್ಲ, ಗಾಡಿಯ ಹತೋಟಿ ತಪ್ಪಿಸುವ ಮಾದಕ ಔಷಧಕ್ಕೂ ಅನ್ವಯಿಸುತ್ತೆ. ಯಾದಗಿರಿಯಲ್ಲಾಗಲಿ ಬೇರೆಲ್ಲೇ ಆಗಲಿ, ಲಾರಿ ಲೈಸೆನ್ಸಿಗೆ ಡಾಕ್ಟರು ಸಹಿ ಮಾಡಿದ ಫಾರಂ 1ಎ ಬೇಕು. ಅದರಲ್ಲಿ ಕಣ್ಣು, ಕಿವಿ, ಕೈಕಾಲಿನ ವಿಚಾರ ಇದೆ. "ದಿನಾ ಯಾವ ಗುಳಿಗಿ ತಗೋತೀಪಾ?" ಅನ್ನೋ ಪ್ರತ್ಯೇಕ ಪ್ರಶ್ನೆ ಇಲ್ಲ! ರಿನ್ಯೂವಲ್ ಮೊದಲು 3 ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯಲ್ಲಿ 5 ವರ್ಷ ಆಯ್ತು. ಐದು ವರ್ಷದಲ್ಲಿ ಮನುಷ್ಯನಿಗೆ ಏನೇನು ಕಾಯಿಲೆ ಬರಲ್ಲ?

ನೆಗಡಿ ಗುಳಿಗೆಯ ಕ್ಲೋರ್‌ಫೆನಿರಮೈನ್, ಅಲರ್ಜಿಯ ಸೆಟಿರಿಜಿನ್ ನಿದ್ದೆ ತರಿಸಬಲ್ಲವು. ಆಲ್ಪ್ರಜೋಲಮ್, ಟ್ರಮಡಾಲ್ ಬಗ್ಗೆ ಹೇಳುವುದೇ ಬೇಡ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತಗೊಂಡು ಊಟ ತಪ್ಪಿಸಿದರೆ ಶುಗರ್ ಇಳಿದು ಕೈ ನಡುಗುತ್ತೆ, ಕಣ್ಣು ಕತ್ತಲೆ ಬರುತ್ತೆ. ಮಿಲ್ಲಿನ ಮುಂದೆ ಪಾಳಿಯಲ್ಲಿ ನಿಂತ ಲಾರಿಯವನಿಗೆ ಊಟದ ಹೊತ್ತು ಅಂತ ಒಂದಿರುತ್ತಾ?

ಹಾಗಾದರೆ ಅಂಥವರ ಲೈಸೆನ್ಸ್ ಕಿತ್ಕೊಳ್ಳಿ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಫಿಟ್ಸ್‌ನಂಥ ಕಾಯಿಲೆಗೆ ಕಟ್ಟುನಿಟ್ಟು ಇರಲೇಬೇಕು, ಆ ಮಾತು ಬೇರೆ. ಆದರೆ ಶುಗರ್ ಅಂದ ಕೂಡಲೇ ಹೊಟ್ಟೆಪಾಡು ಹೋಗುತ್ತೆ ಅಂತಾದರೆ ಡ್ರೈವರ್ ಕಾಯಿಲೆ ಮುಚ್ಚಿಡುತ್ತಾನೆ, ಇಲ್ಲಾ ಗುಳಿಗೆಯನ್ನೇ ಬಿಡುತ್ತಾನೆ. ಆಗ ಅಪಾಯ ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ? ಅಮೆರಿಕಾದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಲಾರಿ ಓಡಿಸುವವರು ಇನ್ಸುಲಿನ್ ತಗೊಳ್ಳುತ್ತಿದ್ದರೆ ವಿಶೇಷ ವಿನಾಯಿತಿ ಬೇಕಿತ್ತು. 2018ರಲ್ಲಿ ಆ ನಿಯಮ ಬದಲಾಯಿತು. ಶುಗರ್ ಹತೋಟಿಯಲ್ಲಿದೆ ಅಂತ ಅವರ ಡಾಕ್ಟರು ಬರೆದುಕೊಟ್ಟು, ವರ್ಷಕ್ಕೊಮ್ಮೆಯಾದರೂ ತಪಾಸಣೆಯಲ್ಲಿ ಪಾಸಾದರೆ ಸಾಕು.

ನಮಗೂ ಅಷ್ಟೇ ಬೇಕಾಗಿರೋದು. ಫಾರಂ 1ಎನಲ್ಲಿ ಔಷಧದ ಬಗ್ಗೆ ಒಂದು ಪ್ರಶ್ನೆ ಸೇರಿಸಲಿ. ಉತ್ತರ ಕೇಳಿ ಹೆದರಿಸುವ ಬದಲು, ಯಾವುದನ್ನು ಯಾವಾಗ ತಗೋಬೇಕು ಅಂತ ಡಾಕ್ಟರು ಹೇಳಲಿ. ಗುಳಿಗೆ ಪಟ್ಟಿಯ ಹಿಂದಿನ ಇಂಗ್ಲಿಷ್ ಇರುವೆಸಾಲು ನಮ್ಮ ಡ್ರೈವರ್ ಓದಲ್ಲ. ಮೆಡಿಕಲ್ ಅಂಗಡಿಯವರು ಬಾಯಿ ಬಿಟ್ಟು "ಇದು ನಿದ್ದಿ ತರ್ತದ, ಸ್ಟೇರಿಂಗ್ ಹಿಡೀಬ್ಯಾಡ" ಅಂದರೆ ಖರ್ಚೇನೂ ಇಲ್ಲ. ಹಾಗಂತ ಒಂದು ರಾತ್ರಿ ಗಾಡಿ ನಿಲ್ಲಿಸಿದವನ ಬಾಟಾವನ್ನು ಮಾಲೀಕರೂ ಮುರಿದುಕೊಳ್ಳಬಾರದು.

ಎದುರಿಂದ ಬರುವ ಬೈಕಿನಲ್ಲಿ ಇರೋದು ನಾವೇ ತಾನೇ? ನೀವೇನಂತೀರಿ?