ಮಗುವಿನ ಮಾತಿಗೆ ಮನೆಯೇ ಮಂಟಪವಾಗಲಿ

12ನೆಯ ಶತಮಾನದ ಅನುಭವ ಮಂಟಪದಲ್ಲಿ ಮಾತಿಗೆ ಬೆಲೆ ತಂದುಕೊಟ್ಟದ್ದು ಜಾತಿಯಲ್ಲ, ವಯಸ್ಸಲ್ಲ, ಅನುಭವ. ಅಕ್ಕನಾಗಮ್ಮನವರ ಮಗ ಚೆನ್ನಬಸವಣ್ಣನವರು ಕಿರಿಯರು. ಆದರೂ ಅವರ ನುಡಿಗೆ ಸೋದರಮಾವ ಬಸವಣ್ಣನವರೂ ಅಲ್ಲಮಪ್ರಭುಗಳೂ ಕಿವಿಗೊಟ್ಟರು. ಕಿರಿಯರ ಮಾತನ್ನು ಆಲಿಸುವುದು ಶರಣಧರ್ಮದ ಬುನಾದಿಯಲ್ಲಿಯೇ ಇದೆ.

ಇಂದು ಸದ್ಭಕ್ತರ ಮನೆಗಳಲ್ಲಿ ಮಕ್ಕಳ ಮಾತಿಗೆ ಎಷ್ಟು ಸ್ಥಾನವಿದೆ? ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಎಲ್ಲರೂ ಕೇಳುವುದು ಅಂಕವನ್ನು. ಮಗುವಿನ ಮನಸ್ಸು ಹೇಗಿದೆ ಎಂದು ಕೇಳುವವರು ವಿರಳ. ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಹೋದ ಜೀವಕ್ಕೆ ಮಾತ್ರ ಎರಡನೆಯ ಅವಕಾಶವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು.

ಮಗುವಿಗೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಶಾಲೆಗೆ ಹೊರಡುವಾಗಲೆಲ್ಲ ಹೊಟ್ಟೆನೋವು ಬರುವುದು, ಗೆಳೆಯರಿಂದ ದೂರವಾಗುವುದು ಇವನ್ನು ಸೋಗೆಂದು ಗದರಿಸುವುದು ಸಲ್ಲದು. ಪೂಜೆ ಸಾಲದೆಂದು ದೂರುವುದೂ ಸರಿಯಲ್ಲ. ಇಷ್ಟಲಿಂಗಪೂಜೆ ಮನಸ್ಸಿಗೆ ನೆಲೆ ನೀಡಬಲ್ಲದು, ನಿಜ. ಆದರೆ ಖಿನ್ನತೆಯು ಭಕ್ತಿಯ ಕೊರತೆಯಲ್ಲ, ಅದು ಕಾಯಿಲೆ. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ವೈದ್ಯವೂ ಅಲ್ಲಿ ಪೂಜ್ಯ ಕಾಯಕವಾಗಿತ್ತು. ಮನೋವೈದ್ಯರ ಬಳಿ ಹೋಗಲು ನಾಚಿಕೆಯೇಕೆ?

ಶಾಲೆಯ ಹೊಣೆಯೂ ಕಿರಿದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿತು. ಅನ್ನ, ಅಕ್ಷರ, ಆಶ್ರಯಗಳ ದಾಸೋಹಕ್ಕೆ ಹೆಸರಾದ ಮಠಗಳ ಶಾಲೆ, ವಿದ್ಯಾರ್ಥಿನಿಲಯಗಳೇ ಇದರಲ್ಲಿ ಮೊದಲಾಗಬೇಕು. ಮನೆಯಿಂದ ದೂರವಿರುವ ಮಗುವಿಗೆ ತುತ್ತು ಅನ್ನದಷ್ಟೇ ಅಗತ್ಯವಾದುದು ತನ್ನ ಅಳಲನ್ನು ಕೇಳುವ ಕಿವಿ.

ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಮನೆಯಲ್ಲಿ, ಪ್ರತಿ ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ಇರಲಿ.

ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ತಂದೆತಾಯಿಗಳು ಅರ್ಧ ಗಂಟೆ ಮೊಬೈಲನ್ನು ಬದಿಗಿಟ್ಟು, ಉಪದೇಶ ಮಾಡದೆ, ಹೋಲಿಕೆ ಮಾಡದೆ ಮಗುವಿನ ಮಾತನ್ನು ಕೇಳಲಿ. ಪ್ರತಿ ಜೀವದಲ್ಲಿಯೂ ಶಿವನನ್ನು ಕಾಣಬೇಕೆಂಬ ಶರಣರ ತತ್ತ್ವಕ್ಕೆ ಮನೆಯಲ್ಲಿ ಇದೇ ಮೊದಲ ಆಚರಣೆ.