ಸೀಲ್‌ಗೆ ಪೇಟೆಂಟ್ ಇರ್ಲಿ, ರಕ್ತಕ್ಕೆ ಬೇಡ

ಭಾಗ 1

ಫೋಟೋದಲ್ಲಿರೋದು ಮಾಮೂಲಿ ನೀರಿನ ಬಾಟ್ಲಿ. ಮುಚ್ಚಳದ ಕೆಳಗಿರೋ ಉಂಗುರ ನೋಡಿ. ಮೊದಲ ಸಲ ತಿರುಗಿಸಿದಾಗ ಕಟಕ್ ಅಂತ ಬಿಟ್ಕೊಂಡು ಅದು ಬಾಟ್ಲಿ ಕತ್ತಲ್ಲೇ ಉಳಿಯುತ್ತೆ. ಆ ಸದ್ದು ಬರ್ಲಿಲ್ಲ ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಬಾಟ್ಲಿ ವಾಪಸ್ ಕೊಟ್ಟು ಬೇರೆ ಕೇಳ್ತೀವಿ. ಈ ಉಂಗುರ, ಮಾತ್ರೆ ಡಬ್ಬಿಯ ಬಾಯಿಗೆ ಅಂಟಿಸಿರೋ ಫಾಯಿಲ್, ಮುಚ್ಚಳದ ಸುತ್ತ ಬಿಗಿದಿರೋ ಪ್ಲಾಸ್ಟಿಕ್ ಪಟ್ಟಿ, ಎಲ್ಲಾ ಯಾರೋ ಕೂತು ತಲೆ ಓಡಿಸಿ ಮಾಡಿದ ವಸ್ತುಗಳು. ಇಂಥವುಗಳ ಮೇಲೆ ಪೇಟೆಂಟ್ ಮೇಲೆ ಪೇಟೆಂಟ್ ಇವೆ. ನನಗೆ ಅದರ ಬಗ್ಗೆ ತಕರಾರಿಲ್ಲ.

ತಕರಾರಿರೋದು ಇನ್ನೊಂದು ಥರದ ಪೇಟೆಂಟ್ ಬಗ್ಗೆ. ನಿಮ್ಮ ದೇಹದ ಒಳಗಿರೋ ಒಂದು ಸಂಗತಿಯನ್ನ ಓದೋ ಹಕ್ಕು ನಮ್ಮ ಕಂಪನಿಗೆ ಮಾತ್ರ ಸೇರಿದ್ದು ಅನ್ನೋ ಪೇಟೆಂಟ್.

ನಮ್ಮ ಬಿಕಾಂ ನೋಟ್ಸಲ್ಲಿ ಎರಡಕ್ಕೂ ಒಂದೇ ಎರಡು ಮಾರ್ಕಿನ ಉತ್ತರ. ಸಂಶೋಧಕನಿಗೆ 20 ವರ್ಷದ ಏಕಸ್ವಾಮ್ಯ, ಅದರಿಂದ ಸಂಶೋಧನೆಗೆ ಪ್ರೋತ್ಸಾಹ. ಬರೆದ್ವಿ, ಮಾರ್ಕ್ಸ್ ಬಂತು, ಮುಗೀತು. ಬೀಗ ಮಾಡಿದವನಿಗೂ, "ನಿನ್ನ ಮನೆ ಒಳಗೆ ಇಣುಕಿ ನೋಡೋ ಹಕ್ಕು ನಂದು, ನೀನೂ ನೋಡ್ಬಾರ್ದು" ಅನ್ನೋನಿಗೂ ಒಂದೇ ಉತ್ತರ ಹೆಂಗಾಗುತ್ತೆ ಮಾರಾಯ್ರೆ? ಒಟ್ಟು ಏಳು ಪೋಸ್ಟ್ ಇದೆ. ರೀಲ್ ನೋಡೋಕೆ ಬಂದೋರು ಮುಂದೆ ಹೋಗಿ, ಬೇಜಾರಿಲ್ಲ.

ಭಾಗ 2

1982ರ ಸೆಪ್ಟೆಂಬರ್ ಕೊನೆ. ಅಮೆರಿಕದ ಶಿಕಾಗೊ ಸುತ್ತಮುತ್ತ ಕೆಲವೇ ದಿನದಲ್ಲಿ ಏಳು ಜನ ಸತ್ರು. ಅವರಲ್ಲೊಬ್ಬಳು 12 ವರ್ಷದ ಹುಡುಗಿ. ಎಲ್ಲರೂ ನುಂಗಿದ್ದು ಟೈಲೆನಾಲ್ ಕ್ಯಾಪ್ಸೂಲ್. ಅಂದ್ರೆ ನಾವು ಜ್ವರಕ್ಕೆ ತಗೊಳ್ಳೋ ಪ್ಯಾರಾಸಿಟಮಾಲೇ, ಅಲ್ಲಿನ ಬ್ರಾಂಡ್. ಯಾರೋ ಬಾಟ್ಲಿ ತೆಗೆದು, ಕ್ಯಾಪ್ಸೂಲ್ ಬಿಚ್ಚಿ ಸಯನೈಡ್ ತುಂಬಿ, ಅಂಗಡಿಯ ಶೆಲ್ಫ್ ಮೇಲೆ ಇಟ್ಟು ಹೋಗಿದ್ದಾರೆ ಅಂತ ತನಿಖೆಯವರು ತೀರ್ಮಾನಕ್ಕೆ ಬಂದ್ರು. ಆ ಕೊಲೆಗಳಿಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ.

ಬಿಚ್ಚಿ ಮುಚ್ಚಿದ್ರೆ ಗೊತ್ತಾಗೋ ಯಾವ ಗುರುತೂ ಆ ಬಾಟ್ಲಿಗಳ ಮೇಲೆ ಇರ್ಲಿಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3.1 ಕೋಟಿ ಬಾಟ್ಲಿ ವಾಪಸ್ ತರಿಸ್ತು. ಬೆಲೆ 10 ಕೋಟಿ ಡಾಲರ್‌ಗೂ ಹೆಚ್ಚು. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಈ ಕಥೆ ಬಂದಾಗೆಲ್ಲ ಕಂಪನಿಗೆ ಚಪ್ಪಾಳೆ. ತಟ್ಟೋಣ, ಒಳ್ಳೆ ಕೆಲಸಾನೇ. ಆದ್ರೆ ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು ಅನ್ನೋದನ್ನೂ ನೆನಪಲ್ಲಿಟ್ಕೊಳ್ಳಿ. ಎರಡು ತಿಂಗಳೊಳಗೆ ಅದೇ ಔಷಧ ಮೂರು ಸೀಲಿನ ಪ್ಯಾಕಲ್ಲಿ ಬಂತು: ಅಂಟು ಹಾಕಿದ ಡಬ್ಬಿ, ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ಫಾಯಿಲ್. ಅಷ್ಟಿದ್ದೂ 1986ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೊಂದು ಸಾವಾಯ್ತು. ಆಮೇಲೆ ಚೀಟಿ ಇಲ್ದೆ ಮಾರೋ ಔಷಧಗಳಲ್ಲಿ ಕ್ಯಾಪ್ಸೂಲೇ ಬೇಡ ಅಂತ ಕಂಪನಿ ಕೈಬಿಡ್ತು.

ಭಾಗ 3

1982ರ ನವೆಂಬರ್‌ನಲ್ಲೇ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಹೊಸ ನಿಯಮ ತಂತು. ಕಾಮರ್ಸ್ ಓದೋರು ಇಲ್ಲಿ ಸ್ವಲ್ಪ ನಿಲ್ಲಿ. ಇಂಥ ಕಂಪನಿಯ ಇಂಥ ಸೀಲೇ ಹಾಕಿ ಅಂತ ಆ ನಿಯಮ ಹೇಳ್ಲಿಲ್ಲ. ಒಡೆದ್ರೆ, ಕಾಣೆಯಾದ್ರೆ ಗಿರಾಕಿ ಕಣ್ಣಿಗೆ ಬೀಳೋ ಒಂದು ಗುರುತೋ ತಡೆಯೋ ಇರ್ಬೇಕು, ಅದು ಏನು ಅಂತ ಲೇಬಲ್ ಮೇಲೆ ಬರೆದಿರ್ಬೇಕು. ಹೆಂಗೆ ಮಾಡ್ತೀರೋ ನಿಮಗೆ ಬಿಟ್ಟಿದ್ದು.

ಇದರ ಪರಿಣಾಮ ನೋಡಿ. ಒಬ್ಬ ಉಂಗುರಕ್ಕೆ ಪೇಟೆಂಟ್ ತಗೊಂಡ್ರೆ ಇನ್ನೊಬ್ಬ ಫಾಯಿಲ್ ಮಾಡ್ತಾನೆ, ಮತ್ತೊಬ್ಬ ಒಂದೊಂದು ಮಾತ್ರೆಗೂ ಬೇರೆ ಗುಳಿ ಇರೋ ಸ್ಟ್ರಿಪ್ ಮಾಡ್ತಾನೆ. ನಿಮ್ಮ ದಾರಿ ಮುಚ್ಚಿದ್ರೆ ಪಕ್ಕದ ದಾರಿ ತೆರೆದೇ ಇದೆ. ಇಲ್ಲಿ ಪೇಟೆಂಟ್ ನಿಜವಾಗ್ಲೂ ಹೊಸದನ್ನ ಹುಟ್ಟಿಸುತ್ತೆ, ಏನೇ ಹೇಳಿ. "ಈ ಬಾಟ್ಲಿ ಬಿಚ್ಚಿದ್ದಾರೆ ಅಂತ ತಿಳ್ಕೊಳ್ಳೋ" ಹಕ್ಕಿಗೆ ಮಾತ್ರ ಯಾರೂ ಒಡೆಯರಿಲ್ಲ. ಉಂಗುರ ಮುರಿದಿದೆ ಅಂತ ನೋಡೋಕೆ ನಾನು ಯಾರಿಗೂ ದುಡ್ಡು ಕಟ್ಟಲ್ಲ, ಪಕ್ಕದಲ್ಲಿರೋರಿಗೆ ತೋರಿಸೋಕೆ ಲೈಸೆನ್ಸ್ ಬೇಕಿಲ್ಲ.

ಒಂದು ಸಣ್ಣ ವಿಷಯ, ನನಗೆ ತುಂಬ ಇಷ್ಟ ಆಗಿದ್ದು. ಮೊದಲು ಆ ನಿಯಮದಲ್ಲಿದ್ದ ಪದದ ಅರ್ಥ "ಕೈಯಾಡಿಸೋದನ್ನ ತಡೆಯೋ" ಪ್ಯಾಕಿಂಗ್. 1998ರಲ್ಲಿ ಅದನ್ನ "ಕೈಯಾಡಿಸಿದ್ರೆ ಗೊತ್ತಾಗೋ" ಪ್ಯಾಕಿಂಗ್ ಅಂತ ಬದಲಾಯಿಸಿದ್ರು. ಪೂರ್ತಿ ತಡೆಯೋಕಾಗಲ್ಲ, ಗೊತ್ತಾಗೋ ಹಾಗೆ ಮಾಡಬಹುದು ಅಂತ ಸರ್ಕಾರವೇ ಒಪ್ಕೊಂಡಂಗೆ.

ಭಾಗ 4

ಈಗ ಆಸ್ಪತ್ರೆ ಕಡೆ ಬನ್ನಿ. ಸೀಲ್ ಮಾಡೋ ಕೆಲಸ ಏನು? ಮುಚ್ಚಿರೋ ವಸ್ತುವಿನ ಒಳಗೆ ಏನೋ ಎಡವಟ್ಟಾಗಿದೆ ಅಂತ ಮೊದಲೇ ತಿಳಿಸೋದು. ರೋಗಪತ್ತೆ ಟೆಸ್ಟ್ ಮಾಡೋದೂ ಅದನ್ನೇ. ವ್ಯತ್ಯಾಸ ಏನಂದ್ರೆ ಇಲ್ಲಿ ಬಾಟ್ಲಿ ನೀವು.

1990ರಲ್ಲಿ ಮೇರಿ ಕ್ಲೇರ್ ಕಿಂಗ್ ಅನ್ನೋ ವಿಜ್ಞಾನಿ, ಮನೆತನದಲ್ಲಿ ಬರೋ ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಒಂದು ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಅಂತ ತೋರಿಸಿದ್ರು. ಆಮೇಲೆ ಅದನ್ನ ಹಿಡಿಯೋಕೆ ಓಟ. 1994ರಲ್ಲಿ ಯೂಟಾ ರಾಜ್ಯದ ಮಿರಿಯಡ್ ಜೆನೆಟಿಕ್ಸ್ ಕಂಪನಿ ಮತ್ತು ಅದರ ಜೊತೆಗಾರರು ಬಿಆರ್‌ಸಿಎ1 ಜೀನನ್ನ ಬೇರ್ಪಡಿಸಿದ್ರು. ಅದಕ್ಕೆ, ಮುಂದೆ ಬಿಆರ್‌ಸಿಎ2ಗೂ, ಪೇಟೆಂಟ್ ಬಂತು. ಟೆಸ್ಟ್ ಮಾಡೋ ಯಂತ್ರಕ್ಕಲ್ಲ, ಜೀನಿಗೇ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲ್ಯಾಬ್ ಇದೇ ಟೆಸ್ಟ್ ಮಾಡ್ತಿತ್ತು. ನಿಲ್ಲಿಸಿ ಅಂತ ಪತ್ರ ಹೋಯ್ತು, ನಿಲ್ಲಿಸಿದ್ರು. ಅಲ್ಲಿಂದಾಚೆಗೆ ಅಮೆರಿಕದಲ್ಲಿ ಒಬ್ಬ ಹೆಂಗಸಿಗೆ "ನಿನಗೆ ಅಪಾಯ ಇದೆ" ಅಂತ ರಿಪೋರ್ಟ್ ಬಂದು, ಸ್ತನ ತೆಗೆಸೋ ನಿರ್ಧಾರಕ್ಕೆ ಮೊದಲು ಇನ್ನೊಂದು ಲ್ಯಾಬಲ್ಲಿ ಖಚಿತ ಮಾಡ್ಕೊಳ್ಳೋಣ ಅಂದ್ರೆ ಇನ್ನೊಂದು ಲ್ಯಾಬೇ ಇಲ್ಲ. ನಾವು ಫೋನ್ ರಿಪೇರಿಗೂ ಎರಡು ಅಂಗಡಿ ಕೇಳ್ತೀವಿ ಗುರು! ಟೆಸ್ಟಿನ ಬೆಲೆ 3000 ಡಾಲರ್ ದಾಟಿತ್ತು. ನಟಿ ಆಂಜೆಲಿನಾ ಜೋಲಿ 2013ರ ಮೇ ತಿಂಗಳಲ್ಲಿ ತನ್ನ ಆಪರೇಷನ್ ಬಗ್ಗೆ ಬರೆದಾಗ, ಈ ಬೆಲೆ ಎಷ್ಟೋ ಹೆಂಗಸರಿಗೆ ಅಡ್ಡಿ ಅಂತ ಅದರಲ್ಲೇ ಬರೆದ್ರು.

ಇನ್ನೂ ಕೆಟ್ಟದ್ದು ಡೇಟಾ ವಿಷಯ. ಯಾವ ಬದಲಾವಣೆ ಅಪಾಯ, ಯಾವುದು ಅಲ್ಲ ಅಂತ ಗೊತ್ತಾಗೋದು ಸಾವಿರಾರು ಜನರ ರಿಪೋರ್ಟ್ ಒಟ್ಟಿಗೆ ಇಟ್ಟು ನೋಡಿದಾಗ. ಆ ಮಾಹಿತಿಯನ್ನ ಎಲ್ಲರಿಗೂ ತೆರೆದ ಡೇಟಾಬೇಸ್‌ಗೆ ಕೊಡೋದನ್ನ ಕಂಪನಿ ಒಂದು ಹಂತದಲ್ಲಿ ನಿಲ್ಲಿಸ್ತು. ರಕ್ತ ಹೆಂಗಸರದ್ದು, ದುಡ್ಡು ಹೆಂಗಸರದ್ದು, ಅದರಿಂದ ಬಂದ ತಿಳಿವಳಿಕೆ ಮಾತ್ರ ಕಂಪನಿಯ ಗುಟ್ಟು. ಸೀಲಿನ ನಿಯಮದಲ್ಲಿ ಗುರುತು ಏನು ಅಂತ ಲೇಬಲ್ ಮೇಲೆ ಬರೀಲೇಬೇಕಿತ್ತು, ನೆನಪಿದೆಯಲ್ಲ?

2013ರ ಜೂನ್ 13ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್, ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಪ್ರಕೃತಿಯಲ್ಲಿರೋ ಡಿಎನ್‌ಎ ತುಂಡನ್ನ ಬರೀ ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟ್ ಸಿಗಲ್ಲ ಅಂತ ತೀರ್ಪು ಕೊಟ್ರು. ಲ್ಯಾಬಲ್ಲಿ ಹೊಸದಾಗಿ ಕಟ್ಟಿದ ಡಿಎನ್‌ಎಗೆ ಸಿಗಬಹುದು ಅಂದ್ರು. ಅದೇ ದಿನ ಬೇರೆ ಲ್ಯಾಬ್‌ಗಳು ನಾವೂ ಟೆಸ್ಟ್ ಮಾಡ್ತೀವಿ ಅಂತ ಮುಂದೆ ಬಂದ್ವು. ಒಂದು ಲ್ಯಾಬ್ ಹೇಳಿದ ಬೆಲೆ 995 ಡಾಲರ್. ಬೆಳಿಗ್ಗೆಯಿಂದ ಸಂಜೆ ಒಳಗೆ ವಿಜ್ಞಾನ ಏನೂ ಬದಲಾಗಿರ್ಲಿಲ್ಲ. ಬೇಲಿ ಬಿತ್ತು, ಅಷ್ಟೇ.

ಭಾಗ 5

"ಹಂಗಾದ್ರೆ ಟೆಸ್ಟ್ ಕಂಡುಹಿಡಿಯೋಕೆ ದುಡ್ಡು ಹಾಕೋರು ಯಾರು?" ಸರಿಯಾದ ಪ್ರಶ್ನೆ. ಒಂದು ಟೆಸ್ಟ್ ಸರಿಯಾಗಿದೆ ಅಂತ ಸಾಬೀತು ಮಾಡೋಕೆ ವರ್ಷಗಳು, ಸಾವಿರಾರು ರೋಗಿಗಳು, ಕೋಟಿಗಟ್ಲೆ ದುಡ್ಡು ಬೇಕು, ಒಪ್ತೀನಿ. ಯಂತ್ರಕ್ಕೆ ಪೇಟೆಂಟ್ ತಗೊಳ್ಳಿ. ರಕ್ತದ ಹನಿಯನ್ನ ಎಳೆದುಕೊಳ್ಳೋ ಪಟ್ಟಿಗೆ, ಚಿಪ್‌ಗೆ, ಹೊಸ ರಾಸಾಯನಿಕಕ್ಕೆ ತಗೊಳ್ಳಿ. ಅವು ನೀವು ಮಾಡಿದ್ದು. "ಈ ಅಂಶ ಇಷ್ಟಿದ್ರೆ ಈ ರೋಗ" ಅನ್ನೋ ಸಂಬಂಧ ನೀವು ಮಾಡಿದ್ದಲ್ಲ, ಅದು ಮೊದಲೇ ಇತ್ತು, ನೀವು ನೋಡಿದ್ರಿ.

ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನ ಗುರುತಿಸಿದ್ದು 1901ರಲ್ಲಿ. 1930ರಲ್ಲಿ ನೊಬೆಲ್ ಬಂತು. ಎ, ಬಿ, ಓ ಗುಂಪು ನೋಡೋ ಹಕ್ಕು ಒಂದೇ ಕಂಪನಿಗೆ ಸೇರಿದ್ದಿದ್ರೆ? ಕಾಲೇಜಿನ ರಕ್ತದಾನ ಶಿಬಿರದಲ್ಲಿ ಬೆರಳು ಚುಚ್ಚಿಸ್ಕೊಂಡು ಬಿಸ್ಕೆಟ್ ತಿನ್ನೋ ಮೊದಲು ರಾಯಲ್ಟಿ ರಸೀದಿಗೆ ಕ್ಯೂ ನಿಲ್ಲಬೇಕಿತ್ತು.

ಭಾಗ 6

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನೋರಿಗೆ ಟಿಬಿ ಬಗ್ಗೆ ಹೇಳ್ತೀನಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಅಂತ ಕರೆಯೋ ಟೆಸ್ಟ್ ಇದೆ. ಅದರ ಹಿಂದಿರೋದು ಅಮೆರಿಕದ ಸೆಫೀಡ್ ಕಂಪನಿಯ ಜೀನ್‌ಎಕ್ಸ್‌ಪರ್ಟ್ ಯಂತ್ರ. ಕಫದ ಸ್ಯಾಂಪಲ್ ಹಾಕಿದ್ರೆ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತಾ ಅಂತ ಹೇಳುತ್ತೆ. ಒಳ್ಳೆ ಯಂತ್ರ, ಸುಳ್ಳು ಹೇಳಲ್ಲ.

ಔಷಧಕ್ಕೆ ಬಗ್ಗುತ್ತೋ ಇಲ್ವೋ ಅನ್ನೋದು ಗೊತ್ತಾಗೋದು ಆ ಬ್ಯಾಕ್ಟೀರಿಯಾದ ಒಂದು ಜೀನ್ ಓದಿ. ಆ ಓದೋ ವಿಧಾನದ ಮೇಲೆ ರೋಶ್ ಕಂಪನಿ ಹತ್ರ 1997ರ ಪೇಟೆಂಟ್ ಇತ್ತು. ರೋಶ್ ಸೆಫೀಡ್ ಮೇಲೆ ಕೇಸ್ ಹಾಕ್ತು. 2018ರಲ್ಲಿ ಮೇಲ್ಮನವಿ ಕೋರ್ಟ್ ಆ ಪೇಟೆಂಟೇ ಚಲಾವಣೆ ಆಗಲ್ಲ ಅಂತು: ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಇರೋದನ್ನೇ ಬಳಸಿದ್ದೀರಿ, ಇದರಲ್ಲಿ ನಿಮ್ಮದೇನು? ಹೀಗೆ, "ಪ್ರಕೃತಿ ಯಾರ ಸ್ವತ್ತೂ ಅಲ್ಲ" ಅನ್ನೋ ತತ್ವದಿಂದ ಬಚಾವಾದ ಕಂಪನಿ ಸೆಫೀಡ್. ಈಗ ಅದರ ಕಾರ್ಟ್ರಿಜ್ ಬೆಲೆ ನೋಡಿ. ಬಡ ದೇಶಗಳಿಗೆ ಒಂದಕ್ಕೆ 9.98 ಡಾಲರ್, 2012ರಿಂದ ಹತ್ತು ವರ್ಷ ಅಲ್ಲಾಡ್ಲಿಲ್ಲ. ಯಂತ್ರಕ್ಕೆ ಬೇರೆಯವರ ಕಾರ್ಟ್ರಿಜ್ ಹೋಗಲ್ಲ. ಮನೆಯಲ್ಲಿ ಶುಗರ್ ನೋಡೋ ಮೀಟರ್ ಇರೋರಿಗೆ ಈ ಆಟ ಗೊತ್ತು, ಮೀಟರ್ ಅಗ್ಗ, ಆ ಕಂಪನಿಯ ಸ್ಟ್ರಿಪ್ಪೇ ಬೇಕು. ಈ ಯಂತ್ರ ಮಾಡೋಕೆ ಸರ್ಕಾರಿ ಮತ್ತು ದಾನದ ದುಡ್ಡೂ ಹರಿದಿತ್ತು. ಎಂಎಸ್‌ಎಫ್ ವೈದ್ಯರ ಸಂಸ್ಥೆ ಮತ್ತು ಹಲವರು ವರ್ಷಗಟ್ಲೆ 5 ಡಾಲರ್‌ಗೆ ಕೊಡಿ ಅಂತ ಹೋರಾಡಿದ ಮೇಲೆ 2023ರಲ್ಲಿ 7.97ಕ್ಕೆ ಇಳೀತು. ಇದರಲ್ಲಿ ನಮಗೆ ಲಾಭ ಇಲ್ಲ ಅಂತು ಕಂಪನಿ. ಕೋರ್ಟಲ್ಲಿ ಒಂದು ನ್ಯಾಯ, ಅಂಗಡಿಯಲ್ಲಿ ಒಂದು ನ್ಯಾಯ.

ಆದ್ರೂ ಇಲ್ಲಿ ದಾರಿ ಮುಚ್ಚಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೊಲ್‌ಬಯೋ ಸೇರಿ ಟ್ರೂನಾಟ್ ಅನ್ನೋ ಸಣ್ಣ ಯಂತ್ರ ಮಾಡಿದ್ರು. ಬ್ಯಾಟರಿಯಲ್ಲಿ ನಡೆಯುತ್ತೆ, ಎಸಿ ರೂಮ್ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇಡಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಡ್ತು. ಅದಕ್ಕೂ ಪೇಟೆಂಟ್ ಇದೆ, ಅದೂ ತನ್ನದೇ ಚಿಪ್ ಕೇಳುತ್ತೆ, ಅವರೇನೂ ದೇವರಲ್ಲ. ಆದ್ರೆ ಟಿಬಿ ಜೀನ್ ಓದೋದೇ ಒಬ್ಬರ ಸ್ವತ್ತಾಗಿದ್ದಿದ್ರೆ ಈ ಎರಡನೇ ಯಂತ್ರಕ್ಕೆ ಜಾಗ ಎಲ್ಲಿರ್ತಿತ್ತು?

ಭಾಗ 7

ನಮ್ಮ ಪೇಟೆಂಟ್ ಕಾಯ್ದೆ 1970ರದ್ದು. ಸೆಕ್ಷನ್ 3(ಸಿ) ಪ್ರಕಾರ ಪ್ರಕೃತಿಯಲ್ಲಿರೋದನ್ನ ಬರೀ ಕಂಡುಹಿಡಿದ್ರೆ ಪೇಟೆಂಟ್ ಇಲ್ಲ. ಸೆಕ್ಷನ್ 3(ಐ) ಪ್ರಕಾರ ಮನುಷ್ಯರ ಚಿಕಿತ್ಸೆಯ, ರೋಗಪತ್ತೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಯಂತ್ರಕ್ಕೆ, ಕಿಟ್‌ಗೆ ಅರ್ಜಿ ಹಾಕೋಕೆ ಅಡ್ಡಿಯಿಲ್ಲ. "3(ಐ) ಅನ್ವಯ ಆಗೋದು ದೇಹದ ಮೇಲೆ ನೇರ ಮಾಡೋ ಪರೀಕ್ಷೆಗೆ ಮಾತ್ರ, ಲ್ಯಾಬಲ್ಲಿ ರಕ್ತದ ಮೇಲೆ ಮಾಡೋದಕ್ಕಲ್ಲ" ಅಂತ ವಾದ ಮಾಡೋರಿದ್ದಾರೆ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನ ಒಪ್ಪಲಿಲ್ಲ. ರಕ್ತ ಸಿರಿಂಜಿಗೆ ಬಂದ ತಕ್ಷಣ ನಂದಲ್ಲ ಅಂತ ಆಗಿಬಿಡುತ್ತಾ? ಕೋರ್ಟ್ ಹಂಗಂದಿಲ್ಲ, ಇದು ನನ್ನ ಮಾತು.

ಈ ಸೆಕ್ಷನ್ ಹಳೇದು, ಸ್ಟಾರ್ಟಪ್‌ಗಳಿಗೆ ತೊಂದರೆ, ತೆಗೀಬೇಕು ಅನ್ನೋರು ನಮ್ಮ ಕ್ಲಾಸಲ್ಲೇ ನಾಲ್ಕೈದು ಜನ ಇದ್ದೀರ. ಟ್ಯಾಗ್ ಮಾಡಲ್ಲ, ನಿಮಗೇ ಗೊತ್ತು. ನಿಮಗೆ ನನ್ನ ಪ್ರಶ್ನೆ ಒಂದೇ. ಉಂಗುರ ಬೇಡ ಅಂದ್ರೆ ಫಾಯಿಲ್ ಇತ್ತು. ಬಿಆರ್‌ಸಿಎ1 ಬೇಡ ಅಂದಿದ್ರೆ ಆ ಹೆಂಗಸರು ಬೇರೆ ಯಾವ ಜೀನ್ ಓದಿಸ್ಬೇಕಿತ್ತು? ಕೆಳಗೆ ಬರೀರಿ, ಒಳ್ಳೆ ಉತ್ತರ ಬಂದ್ರೆ ನಾನೇ ಪಿನ್ ಮಾಡ್ತೀನಿ.

#ಪೇಟೆಂಟ್ #ಬಿಕಾಂ #ಸೆಕ್ಷನ್3ಐ #ಕನ್ನಡದಲ್ಲಿ